ಹಿರೇರ ಹೆಸರು

ತ್ರಿವೇಣಿಗೆ ನೌಕರಿ ಸಿಕ್ಕ ಸುದ್ದಿ ಪೀರನವಾಡಿಯ ಓಣಿಯಲ್ಲಿ ಹಬ್ಬಿದಾಗ ಮನೆಗೆ ಬಂದವರು ಕಡಿಮೆ. ಬಂದವರೂ ಪೇಢೆ ಬಾಯಿಗಿಟ್ಟುಕೊಂಡು, ಅದು ಕರಗುವ ಮೊದಲೇ ಎದ್ದುಹೋದರು. ಸರ್ಕಾರಿ ನೌಕರರ ಮೇಲಿನ ದೂರುಗಳನ್ನು ತನಿಖೆ ಮಾಡುವ ನಿಗಾ ಕಚೇರಿ ಅದು. ಅಲ್ಲಿ ಅವಳು ತರಬೇತಿ ತನಿಖಾಧಿಕಾರಿ. ಓಣಿಯಲ್ಲಿ ಸರ್ಕಾರಿ ಪಗಾರ ಬಾರದ ಮನೆಗಳೇ ಕಡಿಮೆ. ಹಾಗಾಗಿ ಸಂತೋಷಪಡುವುದೋ ಹುಷಾರಾಗಿರುವುದೋ ಯಾರಿಗೂ ತಿಳಿಯಲಿಲ್ಲ.

ನಕ್ಕವನು ಅವಳ ತಂದೆ ಭರಮಣ್ಣ ಒಬ್ಬನೇ. ಆತ ನೀರಾವರಿ ಕಚೇರಿಯೊಂದರಲ್ಲಿ ಜವಾನ.

"ಮೊದಲನೇ ದಿನಾನ ನನ್ನ ಹಿಡ್ಕೊಂಡ ಹೋಗಬ್ಯಾಡವಾ. ರಿಟೈರ್ ಆಗೂ ತನಕ ತಡಿ."

ತಾಯಿ ಸಾವಂತ್ರವ್ವ ಪಕ್ಕದ ಮನೆಯವಳ ಕಡೆ ತಿರುಗಿ, "ನಮ್ಮ ಹಿರೇರಿಗೆ ಎಲ್ಲಾದರಾಗೂ ಚ್ಯಾಷ್ಟಿನ" ಅಂದಳು. ಗಂಡನ ಹೆಸರು ಅವಳ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. ಅವಳಿಗೆ ಆತ ಹಿರೇರು.

ತ್ರಿವೇಣಿ ಚಿಕ್ಕಂದಿನಿಂದಲೂ ಅಂಜುಬುರುಕಿ. ಕೀಲಿ ಹಾಕಿದ ಮೇಲೆ ಕೀಲಿಯನ್ನೊಮ್ಮೆ ಎಳೆದು ನೋಡುವವಳು, ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ ಬರುವವಳು. ಬಾಯಿಮಾತನ್ನು ತಿದ್ದಬಹುದು, ಬರೆದದ್ದನ್ನು ತಿದ್ದಲಾಗದು ಎಂಬ ಹೆದರಿಕೆಯಿಂದ ಒಂದು ಅರ್ಜಿ ಬರೆಯಲೂ ಅರ್ಧ ದಿನ ಹಿಡಿಯುತ್ತಿದ್ದಳು. ಅವಳ ಕೈಕೆಳಗೆ ಯಾವ ತಪ್ಪೂ ನುಸುಳದು ಎಂದು ಸಂದರ್ಶನದಲ್ಲಿ ಕೂತಿದ್ದವರಿಗೆ ಅನ್ನಿಸಿರಬೇಕು. ಅವಳಿಗೂ ಹಾಗೇ ಅನ್ನಿಸುತ್ತಿತ್ತು.

ಕಚೇರಿ ಬೆಳಗಾವಿಯ ಕ್ಯಾಂಪಿನಲ್ಲಿ, ಹಂಚು ಕಪ್ಪಾದ ಒಂದು ಹಳೇ ಬಂಗಲೆಯಲ್ಲಿತ್ತು. ಅವಳಿಗೆ ಕೆಲಸ ಕಲಿಸುವ ಹೊಣೆ ಗಜಾನನ ಸಾಹೇಬರದು. ಪೊಲೀಸ್ ಇಲಾಖೆಯಿಂದ ಬಂದವರು, ಮನೆಯಲ್ಲಿ ಮರಾಠಿ, ಹೊಟ್ಟೆಯಲ್ಲಿ ಹುಣ್ಣು, ಮೇಜಿನ ಮೇಲೆ ಯಾವಾಗಲೂ ಮಜ್ಜಿಗೆಯ ಬಾಟಲಿ. ಅವರು ಪಾಠ ಹೇಳುತ್ತಿದ್ದದ್ದು ಬೈಗುಳದ ಧಾಟಿಯಲ್ಲಿ.

"ಸಾಕ್ಷಿ ಬಾಯಾಗ ನೀ ಹೆಸರ ತುರಕಬಾರದು. 'ಹೊಡದಾಂವ ಇಂವಾ ಏನು?' ಅಂತ ಕೇಳಿದಿ ಅಂದ್ರ ಕೇಸ ಸತ್ತಂಗ. ಅವರ ಹೇಳಬೇಕು, ನೀ ಬರೀಬೇಕು. ಬರದ ಮ್ಯಾಲ ಓದಿ ಹೇಳಬೇಕು. ಕಡೀಕ ಏನ್ ಬರೀತಿ?"

"ಓದಿ ಕೇಳಿದ್ದೇನೆ, ಸರಿ ಇರುತ್ತದೆ."

"ಅದು ಅವರ ಮಾತು, ಖರೇ. ಆದ್ರ ಕೈ ನಿಂದು. ಅದನ್ನ ಬರಿಯೂ ಮುಂದ ಸ್ವಲ್ಪ ನಡಗಬೇಕ ತಂಗೀ."

ಅವಳು ನಡುಗಿಕೊಂಡೇ ಬರೆಯುತ್ತಿದ್ದಳು. ತರಬೇತಿಯ ಅವಧಿ ಮುಗಿಯುತ್ತ ಬಂದಾಗ ಜುನೈದನ ಸಾವಿನ ಪ್ರಕರಣ ಬಂತು.

ಜುನೈದ ಖಾನಾಪುರದವ, ಬಾಡಿಗೆಗೆ ಟೆಂಪೊ ಓಡಿಸುತ್ತಿದ್ದ. ನಂದಗಡದಾಚೆ, ಕಾಡಿನ ಅಂಚಿನಲ್ಲಿದ್ದ ಒಂದು ಅರಣ್ಯ ನಾಕಾದಲ್ಲಿ ಅವನ ಗಾಡಿ ನಿಲ್ಲಿಸಿದ್ದರು. ಹೇರಿನಲ್ಲಿ ಸಾಗವಾನಿ ತುಂಡುಗಳಿದ್ದವು. ತುಂಡು ಯಾರವು ಎಂದು ಕೇಳಿದ್ದಾರೆ, ಅವನು ಹೇಳಿಲ್ಲ. ಸಂಜೆ ಸರ್ಕಾರಿ ದವಾಖಾನೆಗೆ ತಂದಾಗ ಅವನಲ್ಲಿ ಜೀವವಿರಲಿಲ್ಲ. ಗಾಡಿಯಿಂದ ಬಿದ್ದ ಎಂದು ನಾಕಾದವರು ಬರೆಸಿದರು. ಗಾಡಿಯಿಂದ ಬಿದ್ದವನ ಹೊಟ್ಟೆಯೊಳಗಿನ ಅಂಗಗಳು ಹೀಗೆ ಒಡೆದಿರುವುದಿಲ್ಲ ಎಂದು ಹೆಣ ಕೊಯ್ದ ವೈದ್ಯರು ಬರೆದರು. ಪ್ರಕರಣ ನಿಗಾ ಕಚೇರಿಗೆ ಬಂತು.

ನಾಕಾದಲ್ಲಿ ಆ ಹೊತ್ತು ಇದ್ದವರು ಇಬ್ಬರೇ ಗಾರ್ಡುಗಳು, ಸಾತಪ್ಪ ಮತ್ತು ಬೀರೇಶ. ಅವನು ಹೊಡೆದ, ನಾನು ಬಿಡಿಸಿದೆ ಅನ್ನುತ್ತಿದ್ದ ಸಾತಪ್ಪ. ಬೀರೇಶನೂ ಅಕ್ಷರಕ್ಕೆ ಅಕ್ಷರ ಅದನ್ನೇ ಅನ್ನುತ್ತಿದ್ದ.

ಜುನೈದನ ಅಕ್ಕ ಶಗುಫ್ತಾ ಕಚೇರಿಯ ಹೊರಗಿನ ಬಾಕಿನ ಮೇಲೆ ಬಂದು ಕೂರುತ್ತಿದ್ದಳು. ಖಾನಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಕೊರಳಿನಲ್ಲಿ ಅಳತೆಯ ಪಟ್ಟಿ ತೆಗೆಯಲು ಮರೆತು ಬಂದಿರುತ್ತಿದ್ದಳು. ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಒಂದೇ ಮಾತು: "ಇಬ್ಬರಾಗ ಯಾರಂತ ಹೇಳ್ರಿ ಮೇಡಮ್. ನಮ್ಮ ಅಬ್ಬಾ ದಿನಾ ಕೇಳ್ತಾರ. ಯಾರ ಹೆಸರ ಹಿಡದ ಶಾಪಾ ಹಾಕ್ಲಿ ಅಂತಾರ."

ಅವತ್ತು ನಾಕಾದಲ್ಲಿ ನಡೆದದ್ದನ್ನು ಕೇಳಿಸಿಕೊಂಡವಳು ಒಬ್ಬಳಿದ್ದಳು. ನಾಕಾದಲ್ಲಿ ಕಸ ಹೊಡೆದು ಪಾತ್ರೆ ತಿಕ್ಕುವ ಲಕ್ಷ್ಮೀಗೆ ಆ ವಾರ ಜ್ವರ. ಬದಲಿಗೆ ಅತ್ತೆ ಕಾಡವ್ವ ಹೋಗಿದ್ದಳು. ತಗಡಿನ ಗೋಡೆಯ ಹಿಂದೆ ಪಾತ್ರೆ ತಿಕ್ಕುತ್ತಿದ್ದ ಮುದುಕಿಗೆ ಗಾರ್ಡುಗಳ ಮುಖ ಗೊತ್ತಿಲ್ಲ, ದನಿಯೂ ಗೊತ್ತಿಲ್ಲ. ಕೇಳಿದ್ದು ಮಾತ್ರ ಗೊತ್ತು.

ಗಜಾನನರಿಗೆ ಹೊಟ್ಟೆನೋವು ಜೋರಾಗಿದ್ದ ದಿನ ತ್ರಿವೇಣಿಯೇ ನಂದಗಡದ ಬಸ್ಸು ಹತ್ತಿದಳು. ಇಳಿದು ಸುಮಾರು ದೂರ ನಡೆದರೆ ಹಟ್ಟಿ. ಕಾಡವ್ವ ಅಂಗಳದಲ್ಲಿ ಕುರಿಯ ಉಣ್ಣೆ ಹಿಂಜುತ್ತ ಕೂತಿದ್ದಳು. ತ್ರಿವೇಣಿ ತನ್ನ ಹೆಸರು, ಊರು ಹೇಳಿದಳು. ಮುದುಕಿ ಅವಳ ಅಡ್ಡಹೆಸರು ಕೇಳಿ, ಅಜ್ಜನ ಊರು ಕೇಳಿ, ಮುಖ ಅರಳಿಸಿದಳು.

"ಅಂದ್ರ ನೀ ನಮ್ಮಾಕಿನ. ಮೊದ್ಲ ಹೇಳಬೇಕೋ ಬ್ಯಾಡೋ? ಏ ಲಕ್ಷ್ಮೀ, ಚಾ ಇಡು. ನಮ್ಮ ಹುಡುಗಿ ಬಂದೈತಿ, ಸಾಹೇಬ ಅಲ್ಲ."

ತ್ರಿವೇಣಿ ಅವತ್ತು ಮೊದಲ ಸಲ ಅಂಜಿಕೆ ಬಿಟ್ಟು ಕೂತಳು. ಕಾಡವ್ವ ಹೇಳುತ್ತ ಹೋದಳು, ಅವಳು ಬರೆಯುತ್ತ ಹೋದಳು.

"ಒಬ್ಬಾಂವ ಹೊಡ್ಯಾಕ ಹತ್ತಿದ್ದ. ಬಡಿಗಿ ಸಪ್ಪಳಾ ನಂಗ ಗೊತ್ತಾಗತೈತಿ, ಕುರಿ ಕಾದಾಕಿ ನಾ. ಆ ಹುಡುಗ ಮೊದಲ ಒದರತಿದ್ದ, ಆಮ್ಯಾಲ ಒದರಲಿಲ್ಲ. ಆವಾಗ ಇನ್ನೊಬ್ಬಾಂವ, ಸಾಕ ಬಿಡೋ, ಸಾಯ್ತಾನ ಬಿಡೋ ಅಂತ ಹೆಸರ ಹಿಡದ ಕೂಗಿದ."

"ಯಾವ ಹೆಸರ ಹಿಡದ್ರು ಅಮ್ಮಾ?"

ಕಾಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅದನ್ನ ನಾ ಹೇಳಾಂಗಿಲ್ಲವಾ."

"ಯಾಕ? ಯಾರರ ಅಂಜಿಸ್ಯಾರೇನು?"

"ನನ್ನ ಯಾರ ಅಂಜಸ್ತಾರ? ಅದು ನಮ್ಮ ಹಿರೇರ ಹೆಸರು."

ತ್ರಿವೇಣಿಗೆ ನಗು ಬಂತು. ಬೇರೆ ಯಾರಾದರೂ ಆಗಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದರು, ಮುದುಕಿಯನ್ನು ಗದರಿಸುತ್ತಿದ್ದರು. ತನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಇನ್ನೇನೂ ಕೇಳದೆ ಕಾಡವ್ವನ ಆಧಾರ್ ಕಾರ್ಡು ತರಿಸಿ ನೋಡಿದಳು. ಗಂಡನ ಹೆಸರಿನ ಜಾಗದಲ್ಲಿ ಸಾತಪ್ಪ ಎಂದಿತ್ತು.

ಸಾಕ್ಷಿಯ ಬಾಯಿಗೆ ಹೆಸರು ತುರುಕಲಿಲ್ಲ, ರೂಢಿ ಮುರಿಯೆಂದು ಮುದುಕಿಯನ್ನು ಕಾಡಲಿಲ್ಲ, ಹೆಸರು ತಾನಾಗಿಯೇ ಸಿಕ್ಕಿತು. 'ಸಾಕು ಬಿಡೋ ಸಾತಪ್ಪ, ಸಾಯುತ್ತಾನೆ ಬಿಡೋ ಎಂದು ಇನ್ನೊಬ್ಬನು ಕೂಗಿದ್ದನ್ನು ಕೇಳಿರುತ್ತೇನೆ' ಎಂದು ಬರೆದಳು. ಓದಿ ಹೇಳುವಾಗ ಆ ಜಾಗ ಬಂತು. ಬರಿಹಣೆಯ, ಗಂಡ ಸತ್ತ ಹೆಂಗಸಿನ ಎದುರು ಆತನ ಹೆಸರನ್ನು ಹಾಗೆ ಒದರುವುದು ಅವಳಿಗೆ ಸರಿಯೆನಿಸಲಿಲ್ಲ. ಅಲ್ಲಿ ಮಾತ್ರ ದನಿ ತಗ್ಗಿಸಿ, "ಸಾಕ ಬಿಡೋ... ನೀವು ಹೇಳಿದ್ರಲ್ಲ ಆ ಹೆಸರು... ಸಾಯ್ತಾನ ಬಿಡೋ" ಎಂದು ಓದಿದಳು.

"ಹೌದು, ಬರೋಬ್ಬರಿ ಬರದೀ" ಅಂದಳು ಕಾಡವ್ವ. "ಗುಡ್ಡದ ದೇವರ ಆಣಿಗೂ ಇಷ್ಟ ಕೇಳಿದ್ದು ನಾ."

ಓದಿ ಕೇಳಿದ್ದೇನೆ, ಸರಿ ಇರುತ್ತದೆ. ಆ ದಿನ ಕೈ ನಡುಗಲಿಲ್ಲ.

ಗಜಾನನರು ಹೇಳಿಕೆ ಓದಿ ಕನ್ನಡಕ ತೆಗೆದರು. "ಹೆಸರ ಹ್ಯಾಂಗ ಬಾಯಿ ಬಿಡಿಸಿದಿ? ಈ ಮುದಕೇರು ಜೀವಾ ಬಿಟ್ರೂ ಗಂಡನ ಹೆಸರ ಹೇಳಾಂಗಿಲ್ಲ. ಮದುವ್ಯಾಗ ಹೇಳಿಸಿದಂಗ ಒಡಪಾ ಹೇಳಸಿದೇನ?"

"ಅಕಿ ನಮ್ಮಾಕಿ ಸರ್" ಅಂದಳು ತ್ರಿವೇಣಿ.

ಅದೇ ವಾರ ಸಾತಪ್ಪನ ಬಂಧನವಾಯಿತು. ದೇಸೂರಿನ ಅವನ ಮನೆಗೆ ಹೋದವರಲ್ಲಿ ತ್ರಿವೇಣಿಯೂ ಇದ್ದಳು. ಅವನು ಓಡಲಿಲ್ಲ. ಜೀಪಿನಲ್ಲಿ ಕೂತು ಒಂದೇ ಸಮನೆ ಅಂದ: "ಕೂಗಿದಾಂವ ನಾನ್ರಿ. ಬಿಡೋ ಅಂದಾಂವ ನಾನ್ರಿ. ಅಕಿ ನನ್ನ ಹೆಸರ ಹ್ಯಾಂಗ ಕೇಳ್ತಾಳ?" ಹಿಡಿದವರೆಲ್ಲ ಹೀಗೇ ಅನ್ನುತ್ತಾರೆ ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಅವನು ಹಿಂಡಲಗಾ ಜೈಲಿಗೆ ಹೋದ. ಬೀರೇಶ ಸಾಕ್ಷಿಯಾದ.

ಮರುದಿನ ಬಾಕಿನ ಮೇಲೆ ಶಗುಫ್ತಾ ಇದ್ದಳು. "ಅಂವನ ಖರೇ ಏನ್ರಿ ಮೇಡಮ್?"

"ಅಂವನ" ಅಂದಳು ತ್ರಿವೇಣಿ.

ಶಗುಫ್ತಾ ಆ ಹೆಸರನ್ನು ತುಟಿಯೊಳಗೆ ಒಂದು ಸಲ ಹೇಳಿಕೊಂಡು, ಮನೆಗೆ ಒಯ್ಯುವವಳಂತೆ ಎದ್ದುಹೋದಳು.

ಕಾಡವ್ವನ ಹೇಳಿಕೆಯನ್ನು ಖಾನಾಪುರದ ಮ್ಯಾಜಿಸ್ಟ್ರೇಟರ ಮುಂದೆಯೂ ಮಾಡಿಸಬೇಕಿತ್ತು. ಸಮನ್ಸ್ ಕೊಡಲು ತ್ರಿವೇಣಿ ಮತ್ತೆ ಹಟ್ಟಿಗೆ ಹೋದಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಕಾಡವ್ವ ಹಳೆಯ ಕರಿ ಕಂಬಳಿಯೊಂದನ್ನು ಕಲ್ಲಿನ ಮೇಲೆ ಹರವುತ್ತಿದ್ದಳು.

"ನುಸಿ ಹತ್ಯಾವೇನು ಅಂತ ನೋಡಾಕತ್ತೀನಿ. ಒಗಿ ಅಂದ್ರ ಮನಸ್ಸ ಬರವಲ್ದು" ಅಂದಳು. "ನಮ್ಮ ಮನಿಯವ್ರು ನೇಯಿಸಿದ್ದು. ಅವ್ರು ಸತ್ತ ಮ್ಯಾಲ ಹಿರೇರು ಹೊಚಗೊಂಡ ಕುಂದರತಿದ್ರು. ಮಗನ ವಾಸನಿ ಬರತೈತಿ ಅಂತಿದ್ರು."

ತ್ರಿವೇಣಿ ಸಮನ್ಸಿನ ಕಾಗದ ಹಿಡಿದು ನಿಂತೇ ಇದ್ದಳು. ಕೇಳಿಸಿತು, ಆದರೆ ಒಳಗೆ ಇಳಿಯಲು ಹೊತ್ತು ಹಿಡಿಯಿತು.

"ಹಿರೇರು ಅಂದ್ರ... ಯಾರು ಅಮ್ಮಾ?"

"ಮಾವನೋರು. ಮತ್ತ ಇನ್ಯಾರು?"

"ನಮ್ಮ ಮನ್ಯಾಗ ಗಂಡಗ ಹಿರೇರು ಅಂತಾರ."

"ಗಂಡಗ?" ಕಾಡವ್ವ ನಕ್ಕುಬಿಟ್ಟಳು. "ಬೆಳಗಾವಿ ಬಾಜು ಹೋದ್ರ ಮಾತ ಕೆಡತಾವ ನೋಡು. ಗಂಡ ಹ್ಯಾಂಗ ಹಿರೇರ ಆಗತಾನ? ಮಾವ ಇರೂ ಮನ್ಯಾಗ ಮಾವನ ಹಿರೇರು."

ತ್ರಿವೇಣಿ ನೀರು ಬೇಕೆಂದು ನೆಪ ಮಾಡಿ ಹಿತ್ತಲಿಗೆ ಹೋದಳು. ಲಕ್ಷ್ಮೀ ಅಲ್ಲಿ ಸೌದೆ ಒಡೆಯುತ್ತಿದ್ದಳು. "ನಿಮ್ಮ ಅತ್ತಿಯವ್ರ ಮಾವನ ಹೆಸರ ಏನವಾ?" ಎಂದು ಕೇಳಿದಳು. ಲಕ್ಷ್ಮೀ ಅಂಗಳದ ಕಡೆ ಇಣುಕಿ ನೋಡಿ, ತಪ್ಪು ಮಾಡುವ ಹುಡುಗಿಯ ಹಾಗೆ ನಕ್ಕು, ಪಿಸುಗುಟ್ಟಿದಳು: "ಬೀರಪ್ಪ ಅಂತ್ರಿ. ನಮ್ಮ ದೇವರ ಹೆಸರೂ ಅದ ಅಂತ ನಮ್ಮತ್ತಿ ಅದನ್ನೂ ತಗೊಳ್ಳಾಂಗಿಲ್ಲ, ಗುಡ್ಡದ ದೇವರು ಅಂತಾಳ. ನಾಕಾದಾಗ ಅಂವ ಒಬ್ಬಾಂವ ಅದಾನಲ್ರಿ, ಬೀರ್ಯಾ ಬೀರ್ಯಾ ಅಂತ ಕರೀತಾರ. ಅವನ ಸುದ್ದಿ ಬಂದ್ರ ಕಿವಿ ಮುಚ್ಚಗೋತಾಳ."

ಗುಡ್ಡದ ದೇವರ ಆಣೆ ಎಂದು ಮುದುಕಿ ಅವತ್ತೇ ಅಂದಿದ್ದಳು. ಬೀರಪ್ಪನ ಆಣೆ ಎನ್ನಬೇಕಾದವಳು ಹಾಗೇಕೆ ಅಂದಳೆಂದು ಕೇಳಲು ಒಂದು ಗಳಿಗೆ ಸಾಕಿತ್ತು. ಓದಿ ಹೇಳುವಾಗ ಆ ಒಂದು ಹೆಸರನ್ನು ನುಂಗದಿದ್ದರೂ ಸಾಕಿತ್ತು. ಸಾತಪ್ಪ ಎಂಬುದು ಕಿವಿಗೆ ಬಿದ್ದ ಕೂಡಲೇ ಕಾಡವ್ವ, ಅದಲ್ಲವಾ ಅನ್ನುತ್ತಿದ್ದಳು. ಬಿಡೋ ಅಂದವನು ಜೈಲಿನಲ್ಲಿದ್ದ. ಹೊಡೆದವನು ಅವನ ವಿರುದ್ಧ ಸಾಕ್ಷಿಯಾಗಿದ್ದ. ಇಬ್ಬರನ್ನೂ ಅದಲು ಬದಲು ಮಾಡಿದ್ದು ತ್ರಿವೇಣಿಯ ಕೈ.

ಗಜಾನನರು ಎಲ್ಲವನ್ನೂ ಕೇಳಿ ಮಜ್ಜಿಗೆಯ ಬಾಟಲಿಯ ಮುಚ್ಚಳ ಬಿಗಿ ಮಾಡಿದರು.

"ಬಾಗಲಾ ಹಾಕು" ಅಂದರು. ಹಾಕಿದಳು. "ಇದನ್ನ ಯಾರ ಮುಂದ ಹೇಳೀದಿ?"

"ನಿಮ್ಮ ಮುಂದ ಅಷ್ಟ."

"ಛಲೋ ಆತು. ಈಗ ಕೇಳು. ಮುದಕಿ ಮ್ಯಾಜಿಸ್ಟ್ರೇಟರ ಮುಂದ ಹೋಗಲಿ. ಬೀರಪ್ಪ ಅಂತನೋ ಬೀರ್ಯಾ ಅಂತನೋ ಏನರ ಹೇಳಲಿ. ಸಾಕ್ಷಿ ಮೊದಲ ಒಂದ ಹೇಳಿದ್ಲು, ಈಗ ಇನ್ನೊಂದ ಹೇಳ್ಯಾಳ, ವಯಸ್ಸಾಗೇತಿ ಅಂತ ನಾವು ಬರಿಯೂದು. ಸಾತಪ್ಪ ಹೊರಗ ಬರ್ತಾನ. ನಿನ್ನ ಕಾಗದಾ ಹಂಗ ಸ್ವಚ್ಛ ಉಳೀತೈತಿ. ಬರೂ ತಿಂಗಳ ನಿನ್ನ ನೌಕರಿ ಕಾಯಂ."

"ಅಕಿ ಸುಳ್ಳ ಹೇಳಿದಂಗ ಆಗತೈತಲ್ರಿ ಸರ್."

"ಅಕಿಗೇನ್ ಹೋಗೂದೈತಿ? ಕುರಿ ಕಾಯ್ತಾಳ, ಕುರಿ ಕಾಯ್ಕೋತ ಇರ್ತಾಳ."

"ಅಕಿ ಸುಳ್ಳಿ ಅಂತ ಆದ್ರ ಬೀರೇಶನ ಮ್ಯಾಲೂ ಅಕಿ ಮಾತ ನಿಲ್ಲಾಂಗಿಲ್ಲ."

"ನಿಂದ ತಪ್ಪ ಅಂತ ನೀ ಬರದ ಕೊಟ್ರ ನಿಲ್ಲತೈತೇನು?" ಗಜಾನನರ ದನಿ ಏರಿತು. "ಓದಿ ಹೇಳೀನಿ ಅಂತ ಸಹಿ ಮಾಡೀದಿ. ಹೆಸರ ಓದಿಲ್ಲ ಅಂದ್ರ ಆ ಕಡೆ ವಕೀಲ ಮೊದಲನೇ ಸಾಲಿನಿಂದ ಹರಕೊಂಡ ಹೋಗ್ತಾನ. ಮುದಕಿ ಉಳದ್ರ ಉಳೀಬಹುದು. ನೀ ಮಾತ್ರ ಉಳ್ಯಾಂಗಿಲ್ಲ, ತಿಳೀತೇನ?"

ತಿಳಿದಿತ್ತು. ಮನೆಗೆ ಬಂದು ಊಟ ಬಿಟ್ಟು ಕೂತಳು. ಭರಮಣ್ಣ ಕಾರಣ ಕೇಳಿ, ಈ ಸಲ ನಗಲಿಲ್ಲ. "ಸಹಿ ಮಾಡೂ ಮುಂದ ನೋಡಬೇಕಿತ್ತು" ಅಂದ, ಅಷ್ಟೇ. ತನ್ನ ಬಾಯಿಯ ಒಂದು ಮಾತಿನಿಂದ ಹೀಗಾಯಿತೆಂದು ಸಾವಂತ್ರವ್ವನಿಗೆ ಅರ್ಥವಾದಂತಿತ್ತು. ಆ ಸಂಜೆ ಗಂಡನನ್ನು ಊಟಕ್ಕೆ ಕರೆಯುವಾಗ ಹಿರೇರು ಅನ್ನದೆ, "ಏ, ಬರ್ರಿ" ಎಂದಳು.

ತ್ರಿವೇಣಿ ವರದಿ ಬರೆದಳು. ಹೆಸರನ್ನು ಸಾಕ್ಷಿ ಹೇಳಿರಲಿಲ್ಲ, ತಾನು ಊಹಿಸಿದ್ದು. ಆ ಹೆಸರನ್ನು ಓದಿಯೂ ಹೇಳಿರಲಿಲ್ಲ. ಸಾಕ್ಷಿಯ ಮಾತಿನಲ್ಲಿ ಮೊದಲಿಂದಲೂ ಯಾವ ಬದಲಾವಣೆಯೂ ಇಲ್ಲ. ಅರ್ಧ ದಿನವೂ ಹಿಡಿಯಲಿಲ್ಲ. ಗಜಾನನರು ಅದನ್ನು ಓದಿ, "ನಾ ನೋಡಿಲ್ಲ ಅನ್ನಾಕ ಬರಾಂಗಿಲ್ಲ ಇನ್ನ" ಎಂದು ಗೊಣಗುತ್ತ ಶಿಕ್ಕಾ ಒತ್ತಿದರು.

ಖಾನಾಪುರದ ಕೋರ್ಟಿಗೆ ಹೋಗುವ ಮುನ್ನ ಕಾಡವ್ವನಿಗೆ ನಡೆದದ್ದನ್ನು ಹೇಳಲೇಬೇಕಾಯಿತು. ಮುದುಕಿ ಅವಳ ಮುಖ ನೋಡಿದಳು.

"ನಾ ತಪ್ಪ ಹೇಳಿದ್ನೇನು?"

"ಇಲ್ಲಮ್ಮಾ. ನಾ ಕೇಳಲಿಲ್ಲ."

"ನಮ್ಮಾಕಿ ಅಂತ ಬಿಚ್ಚಿ ಹೇಳಿದೆ ನಿನಗ." ಕಾಡವ್ವ ಮತ್ತೆ ಅವಳನ್ನು ಹುಡುಗಿ ಎನ್ನಲಿಲ್ಲ. "ಸಾಹೇಬ ಆಗಿದ್ರ ನಾಕ ಸಲ ಕೇಳತಿದ್ದ."

ಹೇಳಿಕೆ ಮಾಡಿಸುವ ಕೋಣೆಯೊಳಗೆ ತನಿಖೆಯವರು ಹೋಗುವಂತಿಲ್ಲ. ತ್ರಿವೇಣಿ ಹೊರಗೆ ಕಂಬಕ್ಕೆ ಒರಗಿ ನಿಂತಳು. ಕೋರ್ಟಿನ ಜವಾನನೊಬ್ಬ ಬಾಗಿಲಲ್ಲಿ ನಿಂತು, "ಮುದಕಿ ಬಾಯ ತೆಗಿಯವಲ್ಲದು. ಸಾಹೇಬ್ರು ಎರಡನೇ ಚಾ ತರಿಸ್ಯಾರ" ಎಂದು ಗೆಳೆಯನಿಗೆ ಹೇಳಿ ನಗುತ್ತಿದ್ದ. ಕೊನೆಗೆ ಬಾಗಿಲು ತೆರೆಯಿತು. ಕಾಡವ್ವ ತುಟಿ ಬಿಗಿಹಿಡಿದು ಹೊರಗೆ ಬಂದವಳೇ ನೇರ ನಳದ ಕಡೆ ನಡೆದು, ಬಾಯಿ ಮುಕ್ಕಳಿಸಿದಳು. ಮತ್ತೆ ಮುಕ್ಕಳಿಸಿದಳು.

"ಹೇಳಿದೆ" ಅಂದಳು ತ್ರಿವೇಣಿಯ ಕಡೆ ನೋಡದೆ. "ಮದುವಿ ಆಗಿ ಬಂದಾಗಿಂದ ನನ್ನ ಬಾಯಾಗ ಬರಲಾರದ್ದು ಇವತ್ತ ಬಂತು. ಬಂದದ್ದರ ಎದರ ಸಲುವಾಗಿ? ಒಂದ ಹುಡುಗನ್ನ ಕೊಂದಾವನ ಹೆಸರಾಗಿ ಬಂತು."

ಲಕ್ಷ್ಮೀ ಅತ್ತೆಯ ಕೈ ಹಿಡಿದು ಬಸ್ಸಿನ ಕಡೆ ಕರೆದುಕೊಂಡು ಹೋದಳು.

ಮುಂದಿನದು ಗಜಾನನರು ಹೇಳಿದಂತೆಯೇ ಆಯಿತು. ಸಾತಪ್ಪನಿಗೆ ಜಾಮೀನು ಸಿಕ್ಕಿತು. ಬೀರೇಶನ ವಕೀಲ ಎರಡು ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು, ತನಿಖೆಯವರಿಗೇ ಗೊತ್ತಿಲ್ಲದ ಹೆಸರು ನ್ಯಾಯಾಲಯಕ್ಕೆ ಹೇಗೆ ಗೊತ್ತಾಗಬೇಕು ಎಂದು ಕೇಳಿದ. ಬೀರೇಶನನ್ನು ಬಂಧಿಸದಂತೆ ಆದೇಶವಾಯಿತು. ತ್ರಿವೇಣಿಯ ಕೆಲಸ ತೃಪ್ತಿಕರವಾಗಿಲ್ಲವೆಂದು ತರಬೇತಿಯನ್ನು ಕೊನೆಗೊಳಿಸಲಾಯಿತು. ಗುರುತಿನ ಚೀಟಿ ಒಪ್ಪಿಸಿ ಹೊರಗೆ ಬಂದಾಗ ಬಾಕಿನ ಮೇಲೆ ಶಗುಫ್ತಾ ಇದ್ದಳು. ಅವಳಿಗೆ ಎಲ್ಲಾ ತಿಳಿದಿತ್ತು.

"ಅಬ್ಬಾ ಅಷ್ಟ ದಿನಾ ಆ ಸಾತಪ್ಪನ ಹೆಸರ ಹಿಡದ ಶಾಪಾ ಹಾಕ್ಯಾರ" ಅಂದಳು. "ಈಗ ಅದನ್ನ ಹಿಂದಕ್ಕ ತಗೋ ಅಂತ ನಾ ಹ್ಯಾಂಗ ಹೇಳ್ಲಿ? ಮತ್ತ ಇನ್ನೊಬ್ಬಾವನ ಹೆಸರ ಹೇಳಿದ್ರ, ಇದರ ಖರೇ ಏನು ಅಂತಾರ. ಏನ್ ಹೇಳ್ಲಿ?"

ಶಗುಫ್ತಾ ಕಾದಳು, ಆಮೇಲೆ ಎದ್ದುಹೋದಳು.

ಮನೆಯಲ್ಲಿ ಕೂತ ಮೇಲೆ ಓಣಿಯವರು ಮತ್ತೆ ಬರತೊಡಗಿದರು. ಅವರಿಗೆ ಈಗ ಭಯವಿರಲಿಲ್ಲ. ಹಾಗೆ ಒಂದು ಮಧ್ಯಾಹ್ನ, ಅಂಗಳದಲ್ಲಿ ಮೋಟರ್ ಸೈಕಲ್ ನಿಂತ ಸದ್ದಾಯಿತು. ಬಂದವನು ಸಾತಪ್ಪ. ಜೈಲಿನಲ್ಲಿ ಸೊರಗಿಹೋಗಿದ್ದ, ಅಂಗಿ ಹೆಗಲ ಮೇಲೆ ಜೋತಿತ್ತು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಹಸಿ ಶೇಂಗಾ.

"ನಮ್ಮ ಹೊಲದ್ವು" ಅಂದ. "ಒಳಗ ಬರಬಹುದೇನ್ರಿ?"

"ಬರ್ರಿ, ಕುಂದರ್ರಿ" ಎಂದಳು ಸಾವಂತ್ರವ್ವ, ಚಹಾ ಇಡಲು ಒಳಗೆ ಹೋದಳು.

ಸಾತಪ್ಪ ಕುರ್ಚಿಯ ಅಂಚಿನಲ್ಲಿ ಕೂತ. ಮಳೆ, ಬೆಳೆ, ದೇಸೂರಿನ ರೈಲುಗೇಟು ಎಲ್ಲಾ ಆಯಿತು. ಚಹಾ ಬಂತು. ಅರ್ಧ ಕುಡಿದು ಬಟ್ಟಲು ಕೆಳಗಿಟ್ಟ.

"ನಿಮ್ಮ ನೌಕರಿ ಹೋತಂತ ಕೇಳಿದೆ. ನನ್ನ ಸಲುವಾಗಿ."

"ನನ್ನ ತಪ್ಪಿನ ಸಲುವಾಗಿ ಸಾತಪ್ಪಣ್ಣ."

"ಅಲ್ರಿ. ನೀವು ಸುಮ್ನ ಇದ್ರ ನಡೀತಿತ್ತು. ಯಾರೂ ನನ್ನ ಮಾತ ಕೇಳಿರಲಿಲ್ಲ, ನೀವು ಬರದ ಕೊಟ್ರಿ." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಅಷ್ಟ ಪುಣ್ಯವಂತ ಅಲ್ರಿ ನಾ. ಜೀವಕ್ಕ ಸಮಾಧಾನ ಇಲ್ಲ, ಅದಕ್ಕ ಬಂದೀನಿ. ಬಿಡೋ ಅಂದದ್ದು ಖರೇ. ಹೊಡದಾಂವ ಬೀರ್ಯಾ, ಅದೂ ಖರೇ. ಆದ್ರ ಅಲ್ಲೀತನಕ ಆ ಹುಡುಗನ ಎರಡೂ ಕೈ ಹಿಂದಕ್ಕ ಹಿಡಕೊಂಡ ನಿಂತಾಂವ ನಾನ. ಹಿಡದಿದ್ದಕ್ಕ ಅಂವಗ ಏಟ ತಪ್ಪಿಸಿಕೊಳ್ಳಾಕ ಬರಲಿಲ್ಲ. ಕೈ ಸಡ್ಲ ಆದ ಮ್ಯಾಲ ನಾ ಬಿಡೋ ಅಂದೆ."

ಒಳಗೆ ಸ್ಟೋವಿನ ಸದ್ದು ನಿಂತಿತ್ತು.

ತ್ರಿವೇಣಿಗೆ ಮೊದಲು ಬಂದದ್ದು ಅಳು. ಅದರ ಹಿಂದೆಯೇ ಓದಿದ ಕಾನೂನು ನೆನಪಾಯಿತು. ತನಿಖಾಧಿಕಾರಿಯ ಎದುರು 'ನಾನು ಮಾಡಿದೆ' ಎಂದ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಹೊಡೆಸಿಯೋ ಹೆದರಿಸಿಯೋ ಹೇಳಿಸಿರುತ್ತಾರೆಂದು ಅದನ್ನು ತೆಗೆದುಕೊಳ್ಳುವುದಿಲ್ಲ. ಸಾದಾ ಮನುಷ್ಯರ ಎದುರು ಹೇಳಿದರೆ ತೆಗೆದುಕೊಳ್ಳುತ್ತಾರೆ. ಅನುಮಾನದಿಂದ, ಅಳೆದು ಸುರಿದು, ಆದರೂ ತೆಗೆದುಕೊಳ್ಳುತ್ತಾರೆ. ನೌಕರಿ ಉಳಿದಿದ್ದರೆ ಈ ಮಾತು ಅವಳ ಕಿವಿಯಲ್ಲೇ ಸಾಯುತ್ತಿತ್ತು. ಈಗ ಅವಳು ಸಾಕ್ಷಿಯಾಗಬಲ್ಲಳು. ಎದುರಿಗೆ ಕೂತವನು ಶೇಂಗಾ ತಂದುಕೊಟ್ಟು, ನಂಬಿ, ತನ್ನ ಕೊರಳನ್ನು ಅವಳ ಕೈಯಲ್ಲಿಟ್ಟಿದ್ದ.

"ಸಾತಪ್ಪಣ್ಣ" ಅಂದಳು. "ನೀವು ಹೇಳಿದ್ದು ಹಿಂಗ ಹೌದಲ್ರಿ? ಹುಡುಗನ ಎರಡೂ ಕೈ ನೀವು ಹಿಂದಕ್ಕ ಹಿಡದಿದ್ರಿ. ಬೀರೇಶ ಹೊಡದ. ಕೈ ಸಡ್ಲ ಆದ ಮ್ಯಾಲ ನೀವು ಬಿಡೋ ಅಂದ್ರಿ."

"ಹೌದ್ರಿ." ಅವನು ತಲೆಯೆತ್ತಿದ. "ಯಾಕ್ರಿ?"

"ಇದನ್ನ ನಾ ಹೋಗಿ ಹೇಳ್ತೀನಿ. ಕೋರ್ಟಿನ್ಯಾಗೂ ಹೇಳ್ತೀನಿ. ನಿಮಗ ತಿಳೀದಂಗ ಹೋಗಬಾರದು ಅಂತ ಹೇಳಾಕತ್ತೀನಿ. ನೀವ ಮೊದಲ ಹೋಗಿ ಹೇಳಿದ್ರ ನಿಮಗೂ ಛಲೋ."

ಸಾತಪ್ಪ ಎದ್ದು ನಿಂತ. "ನಿಮ್ಮ ಮನಿಗೆ ಬಂದು ಹೇಳಿದ್ನಿ ನಾ. ನನಗೂ ಸಣ್ಣ ಹುಡುಗ್ರ ಅದಾವು."

"ಗೊತ್ತೈತ್ರಿ."

"ನಾ ಇಲ್ಲಿಗೆ ಬಂದ ಇಲ್ಲ ಅಂತೀನಿ."

ಅಡುಗೆಮನೆಯ ಬಾಗಿಲಲ್ಲಿ ಸಾವಂತ್ರವ್ವ ನಿಂತಿದ್ದಳು. ಜೀವಮಾನದಲ್ಲಿ ಪರ ಗಂಡಸಿನ ಮಾತಿಗೆ ಎದುರು ಮಾತಾಡಿದವಳಲ್ಲ. ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ ಹೇಳಿದಳು: "ಬಂದಿದ್ರಿ ತಮ್ಮಾ. ಚಾ ನಾನ ಕೊಟ್ಟೇನಿ. ನೀವು ಹೇಳಿದ್ದು ಎಲ್ಲಾ ನನಗೂ ಕೇಳಸೈತಿ."

ಸಾತಪ್ಪ ತಾಯಿಯನ್ನೂ ಮಗಳನ್ನೂ ನೋಡಿದ. ಅಂಗಳಕ್ಕೆ ಇಳಿದ. ಹೊರಗೆ ಮೋಟರ್ ಸೈಕಲ್ ಕೂಡಲೇ ಚಾಲೂ ಆಗಲಿಲ್ಲ. ಒದ್ದ, ಮತ್ತೆ ಒದ್ದ. ಒಳಗಿದ್ದ ಇಬ್ಬರೂ ಅದನ್ನು ಕೇಳುತ್ತ ನಿಂತರು. ಸದ್ದು ದೂರವಾದ ಮೇಲೆ ತ್ರಿವೇಣಿ ಮೂಲೆಯಲ್ಲಿದ್ದ ಚಪ್ಪಲಿಗೆ ಕಾಲು ಹಾಕಿದಳು. ಕ್ಯಾಂಪಿನ ಕಚೇರಿಯ ಕಡೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. "ನೀನೂ ಬರ್ತಿ ಏನ್ ಯವ್ವಾ?" ಎಂದು ಕೇಳಿದಳು.

"ತಡಿ, ಸೀರಿ ಬದಲಿ ಮಾಡ್ತೀನಿ" ಅಂದಳು ಸಾವಂತ್ರವ್ವ.